ಕಣ್ಣು ಬಿಡಿಸದ ಬೊಂಬೆ

ಗಾರೆ ಕೆಲಸದ ಓಬಳಪ್ಪ ಗುಡಿ ಗೋಪುರಗಳಿಗೆ ಬೊಂಬೆ ಮಾಡಿ ಹೆಸರು ಗಳಿಸಿದವನು. ಬೊಂಬೆಗೆ ಕಣ್ಣು ಬಿಡಿಸುವುದು ಕಟ್ಟಕಡೆಗೆ; ಬಿಡಿಸಿದ ಮೇಲೆ ಮಾಡಿದವನು ಅದನ್ನು ಮುಟ್ಟಬಾರದು. ಇದು ಅವನ ಮನೆತನದ ರೂಢಿ.

ಚಳ್ಳಕೆರೆಯ ಎಣ್ಣೆಮಿಲ್ಲಿನ ಜಂಬುಲಿಂಗಪ್ಪನವರು ಸರ್ಕಲ್ಲಿಗೆ ಕೊಡ ಹೊತ್ತ ಹೆಣ್ಣಿನ ಬೊಂಬೆ ಬೇಕೆಂದರು. ಕೊಡದಿಂದ ನೀರು ಸುರಿಯಬೇಕು, ಹಾಗಾಗಿ ಅದು ಪೊಳ್ಳಾಗಿರಬೇಕು. ಓಬಳಪ್ಪ ಹಾಗೇ ಮಾಡಿದ. ಮುಖ ಮಾತ್ರ ಹಿಂದಿನ ವರ್ಷ ಜ್ವರದಲ್ಲಿ ತೀರಿಹೋದ ಮಗಳು ಗಂಗಲಕ್ಷ್ಮಿಯದಾಯಿತು. ಬೇಕೆಂದೇ ಮಾಡಿದನೋ, ಕೈ ತಾನಾಗಿ ಮಾಡಿತೋ, ಶಿವನೇ ಬಲ್ಲ.

ಸರ್ಕಲ್ಲಿನಲ್ಲಿ ಬೊಂಬೆಯ ಸುತ್ತ ನೆಟ್ಟಿದ್ದ ಬಣ್ಣದ ಕ್ರೋಟನ್ ಆ ಬಿಸಿಲಿಗೆ ಒಣಗಿ ಹಪ್ಪಳವಾಯಿತು. ಓಬಳಪ್ಪ ಊರಾಚೆಯ ವರವು ಕಾವಲಿನ ಹುಲ್ಲುಗಾವಲಿನಿಂದ ಬಿಸಿಲಿಗೆ ಬಗ್ಗದ ತಂಗಡಿ, ತುಂಬೆ ಗಿಡ ತಂದು ಹಾಕಿದ. ಮಗಳಿಗೆ ಜೇನುಹುಳವೆಂದರೆ ಪ್ರಾಣ. "ಹೊಗೆ ಹಾಕಬ್ಯಾಡಪ್ಪ, ಜೇನು ಹೋದ್ರೆ ಸೂರ್ಯಕಾಂತಿ ಕಾಳು ಕಟ್ಟಾದು ಹೆಂಗೆ?" ಎನ್ನುತ್ತಿದ್ದಳು.

ಇನ್ನು ಕಣ್ಣು ಬಿಡಿಸುವುದೊಂದೇ ಬಾಕಿ. ಬಿಡಿಸಿದರೆ ಮತ್ತೆ ಆ ಕೆನ್ನೆ ಮುಟ್ಟುವಂತಿಲ್ಲ. ಬಣ್ಣ ಒಣಗಿಲ್ಲ, ದಿನ ಚೆನ್ನಾಗಿಲ್ಲ ಎಂದು ನೆಪ ಹೇಳುತ್ತಾ ತಿಂಗಳುಗಟ್ಟಲೆ ತಳ್ಳಿದ. ದಿನಾ ಬಂದು ಒದ್ದೆ ಬಟ್ಟೆಯಲ್ಲಿ ಮುಖದ ಧೂಳು ಒರೆಸಿ ಹೋಗುತ್ತಿದ್ದ. ಅಷ್ಟರಲ್ಲಿ ತಂಗಡಿ ಮೈತುಂಬ ಹಳದಿ ಹೂ ಬಿಟ್ಟಿತು. ಹೂವಿದ್ದಲ್ಲಿಗೆ ಜೇನನ್ನು ಓಲೆ ಬರೆದು ಕರೆಯಬೇಕೇ? ತುಡುವೆ ಜೇನು ಬಂದು ಆ ಪೊಳ್ಳು ಕೊಡದೊಳಗೇ ಹುಟ್ಟು ಕಟ್ಟಿತು. ಅವತ್ತು ಓಬಳಪ್ಪ ಹೆಂಡತಿ ಹುಚ್ಚಕ್ಕನಿಗೆ ಸುದ್ದಿ ಹೇಳಿ ನಕ್ಕ. ಮಗಳು ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಕೊನೆಗೆ ಜಂಬುಲಿಂಗಪ್ಪನವರ ತಾಳ್ಮೆ ಕೆಟ್ಟಿತು. "ನಾಳೆ ಉದ್ಘಾಟನೆಗೆ ದೊಡ್ಡೋರು ಬರ್ತಾರೆ ಕಣಯ್ಯ, ಕಣ್ಣು ಬಿಡಿಸು."

"ಬಿಡಿಸ್ತೀನ್ರಿ ಸಾವ್ಕಾರ್ರೇ. ಕೊಡದಾಗೆ ಜೇನು ಐತ್ರಿ. ಅದನ್ನ ಬ್ಯಾರೆ ಕಡೆ ಸಾಗಿಸಾಗಂಟ ನೀರು ಬಿಡಬ್ಯಾಡ್ರಿ."

"ಆತು ಬಿಡು."

ದೊಡ್ಡವರ ‘ಆತು’ ಹೊಸ್ತಿಲು ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ. ಓಬಳಪ್ಪ ನಂಬಿದ. ಬೆಳಿಗ್ಗೆ ಬಂದು ಕೆನ್ನೆಯನ್ನೊಮ್ಮೆ ಸವರಿ, ಕುಂಚ ಹಿಡಿದು ಕಣ್ಣು ಬಿಡಿಸಿ, ದೂರ ಸರಿದು ನಿಂತ.

ಹಾರ, ಭಾಷಣ ಮುಗಿದವು. ಬಂದ ಅತಿಥಿ ಗುಂಡಿ ಒತ್ತಿದರು. ಓಬಳಪ್ಪ "ಬ್ಯಾಡ್ರೀ" ಎನ್ನುವಷ್ಟರಲ್ಲಿ ಮೋಟಾರು ಗುಡುಗಿ, ಕೊಡದಿಂದ ಪೈಪಿನ ತುಕ್ಕು ಬೆರೆತ ಕೆಂಪು ನೀರು ಚಿಮ್ಮಿತು. ಹಿಂದೆಯೇ ಹುಟ್ಟಿನ ಚೂರುಗಳು, ನೆನೆದು ಮುದ್ದೆಯಾದ ಜೇನುಹುಳಗಳು ಮಗಳ ಮುಖದ ಮೇಲೆ ಇಳಿದವು. ಜನ ಚಪ್ಪಾಳೆ ತಟ್ಟಿದರು. ಒರೆಸಲೆಂದು ಅವನು ಮುಂದೆ ಹೋಗಿ ಕೈ ಚಾಚಿದ. ಕಣ್ಣು ಬಿಟ್ಟ ಬೊಂಬೆ ಎಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ. ಕಾಲಕ್ಕೆ ಸರಿಯಾಗಿ ಕೆಲಸ ಮುಗಿಸಿದ್ದರೆ ಜೇನು ಅಲ್ಲಿ ಮನೆ ಮಾಡುತ್ತಲೇ ಇರಲಿಲ್ಲ ಎಂದುಕೊಳ್ಳುತ್ತಾ ಮನೆಯ ದಾರಿ ಹಿಡಿದ.

ಮನೆಯಲ್ಲಿ ಹುಚ್ಚಕ್ಕ ಕೇಳಿದಳು: "ಚೆಂದಾಗಿ ಕಾಣ್ತಾಳಾ?"

ಓಬಳಪ್ಪ ಗೋಡೆಗೆ ಒರಗಿ ಕೂತ. "ಇವತ್ತೊಂದು ದಿನ ಕಣ್ಣು ಬಿಡಿಸಬಾರದಾಗಿತ್ತು ಕಣೇ," ಎಂದ. "ಎಲ್ಲಾ ನೋಡಿಬಿಟ್ಲು."