ಹಿಟ್ಟು ಬೀಳದ ಗಿರಣಿ

ಹಾಸಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ನಡುವೆ ಒಮ್ಮೆ ನಿಲ್ಲಬೇಕು. ಅಂಗಿ ತೊಡಲು ಎರಡು ಸಲ ಸುಧಾರಿಸಿಕೊಳ್ಳಬೇಕು. ಗುಂಡಿಯನ್ನೂ ತಾನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದರೆ ಮೂರು ಸಲ. ಬೈದರೆ ಅರ್ಧ ನಿಮಿಷದ ಏದುಸಿರು, ನಕ್ಕರೆ ಕೆಮ್ಮೂ ಸೇರಿ ಐದು ನಿಮಿಷ. ಗಂಡನ ಯಾವ ಕೆಲಸಕ್ಕೆ ಎಷ್ಟು ಉಸಿರು ಖರ್ಚೆಂಬುದು ಹೆಂಡತಿಗೆ ಬಾಯಿಪಾಠವಾಗಿತ್ತು. ಅಂಗಳ ದಾಟಿ ಗೇಟಿನವರೆಗೆ ನಡೆಯುವುದು ಮಾತ್ರ ಆ ಲೆಕ್ಕದಲ್ಲಿರಲಿಲ್ಲ. ಅಷ್ಟು ಉಸಿರು ಅವನಲ್ಲಿ ಇರಲೇ ಇಲ್ಲ.

ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಗಿರಣಿಯ ಸದ್ದನ್ನು ಮೀರಿಸಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ನೀರು ಕೇಳಿದರೆ ಮೂರನೇ ಮನೆಯವರು ತಂದುಕೊಡಬೇಕು, ಅಂಥ ಗಂಟಲು. ಹಿಟ್ಟಿನ ಧೂಳು, ಬೀಡಿ ಎರಡೂ ಸೇರಿ ಶ್ವಾಸಕೋಶ ತಿಂದವು. ಈಗ ಮೂಗಿಗೊಂದು ನಳಿಕೆ, ಮಂಚದ ಪಕ್ಕದಲ್ಲಿ ಗುರ್ರೆನ್ನುವ ಆಕ್ಸಿಜನ್ ಮೆಷಿನ್. ‘ಹಿಟ್ಟು ಬೀಳದ ಗಿರಣಿ’ ಎಂದು ಅದಕ್ಕೆ ಅವನೇ ಹೆಸರಿಟ್ಟಿದ್ದ.

ಮೆಷಿನ್ ಆಸ್ಪತ್ರೆಯದು. ಯಾರಿಗೆ ಹೆಚ್ಚು ಅಗತ್ಯವೋ ಅವರ ಮನೆಯಲ್ಲಿ ಇರುತ್ತಿತ್ತು. ಎರಡು ವಾರಕ್ಕೊಮ್ಮೆ ಸಿಸ್ಟರ್ ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದಳು. ಅವಳು ಬರುವ ದಿನ ಅವನು ಬೆಳಗಿನಿಂದ ಮಿಸುಕಾಡದೆ ಮೆಷಿನ್ ಹಾಕಿಕೊಂಡು ಕೂರುವನು. ತಿರುವಿನಲ್ಲಿ ಸ್ಕೂಟರಿನ ಸದ್ದಾಯಿತೋ, ನಳಿಕೆ ದಿಂಬಿನಡಿಗೆ, ಮೆಷಿನ್ ಮೇಲೆ ದುಪ್ಪಟಿ.

"ಬಂದೋರ ಮುಂದೆ ಮೂಗುದಾರ ಹಾಕಿದ ಎತ್ತಿನ ಥರ ಕೂರ್ಲಾ?" ಎನ್ನುತ್ತಿದ್ದ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು ನೆಟ್ಟಗೆ ಕೂತಿರುವುದು ಹೆಂಡತಿಯ ಕಣ್ಣಿಗೂ ಹಿತವಾಗಿತ್ತು. ಹಾಗಾಗಿ ಅವಳೂ ಕೈಜೋಡಿಸಿದ್ದಳು.

ಆ ದಿನ ಸಿಸ್ಟರ್ ಅವನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ ಸಿಕ್ಕಿಸಿ ಹುಬ್ಬೇರಿಸಿದಳು. "ಈ ಸಲಾನೂ ತೊಂಬತ್ನಾಲ್ಕು! ಯಜಮಾನ್ರೇ, ನಿಮಗೆ ಇನ್ನು ಮೆಷಿನ್ ಬೇಕಾಗಿಲ್ಲ. ಪಕ್ಕದ ಹಳ್ಳೀಲಿ ಒಬ್ಬ ದರ್ಜಿ ಇದ್ದಾನೆ, ಸೂಜಿಗೆ ದಾರ ಪೋಣಿಸೋಷ್ಟರಲ್ಲಿ ಸುಸ್ತಾಗಿ ಬೀಳ್ತಾನೆ. ಅವನಿಗೆ ಕೊಡ್ತೀನಿ."

ಹೆಂಡತಿ ಮೆಷಿನ್ನಿಗೆ ಅಡ್ಡ ಬಂದಳು. "ಸಿಸ್ಟರ್, ಅದು..."

"ತಗೊಂಡ್ ಹೋಗ್ಲಿ ಬಿಡೇ," ಎಂದು ಗಂಡ ಕಣ್ಣು ಕೆಕ್ಕರಿಸಿದ. "ನನಗೇನಾಗಿದೆ?"

ಸಿಸ್ಟರ್ ನಳಿಕೆಯನ್ನು ಸುತ್ತಿಟ್ಟು, ಚಕ್ರದ ಮೆಷಿನ್ನನ್ನು ಬಾಗಿಲ ಕಡೆ ತಳ್ಳಿದಳು. ಈಗ ನಿಜ ಹೇಳಿದರೆ ಅವನು ಸುಳ್ಳೆನ್ನುತ್ತಾನೆ. ಸುಮ್ಮನಿದ್ದರೆ ತಾನೇ ಅವನ ಕತ್ತು ಹಿಸುಕಿದ ಹಾಗೆ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು.

"ರೀ, ಸಿಸ್ಟರ್‌ನ ಗೇಟಿನವರೆಗೆ ಕಳಿಸಿಕೊಟ್ಟು ಬನ್ನಿ. ಕೂತಲ್ಲಿಂದಲೇ ಕೈಬೀಸಿ ಕಳಿಸ್ತೀರಾ?"

ಅವನು ಅವಳನ್ನು ನೋಡಿದ. ಅವಳ ಹೂಟ ಅರ್ಥವಾಗಿತ್ತು. ಆದರೂ ಎದ್ದ.

ಹೊಸಿಲು ದಾಟಿದ, ನಿಲ್ಲಲಿಲ್ಲ. ಎರಡು ಮೆಟ್ಟಿಲು ಇಳಿದ, ನಿಲ್ಲಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ ಕಾಲು ಸೋತು, ಅದರ ಮೇಲೆ ಕುಸಿದು, ಎರಡೂ ಕೈ ಮಂಡಿಗೆ ಊರಿ ಬಾಯಿ ತೆರೆದ. ತುಟಿ ನೀಲಿಗಟ್ಟಿತ್ತು. ಸಿಸ್ಟರ್ ಓಡಿಬಂದು ಕ್ಲಿಪ್ ಹಾಕಿದಳು. ಎಪ್ಪತ್ತೊಂಬತ್ತು.

ಹೆಂಡತಿ ಆಗಲೇ ಮೆಷಿನ್ ಎಳೆದು ತಂದು ಜಗುಲಿಯ ಪ್ಲಗ್ಗಿಗೆ ಹಾಕಿ, ಅವನ ಮೂಗಿಗೆ ನಳಿಕೆ ಸಿಕ್ಕಿಸುತ್ತಿದ್ದಳು.

"ನಾನು ಬರೋ ಮುಂಚೆ ಮೆಷಿನ್ ಹಾಕ್ತಿದ್ರಾ?" ಎಂದು ಸಿಸ್ಟರ್ ಕೇಳಿದಳು.

"ಪ್ರತಿ ಸಲ," ಎಂದಳು ಹೆಂಡತಿ.

"ಅಯ್ಯೋ ನಿಮ್ಮ! ಯಾಕಮ್ಮಾ?"

"ಮನೆಗೆ ಬಂದೋರಿಗೆ ಇವರನ್ನ ಹೇಗ್ಹೇಗೋ ತೋರಿಸೋದಾ ಅಂತ."

ಸಿಸ್ಟರ್ ಬೈಯಬೇಕೆಂದು ಬಾಯಿ ತೆರೆದವಳು ಕೈಯಲ್ಲಿದ್ದ ಮನೆಗಳ ಪಟ್ಟಿಯತ್ತ ನೋಡಿದಳು. "ತಪ್ಪು ನಂದೂ ಇದೆ. ಮೆಷಿನ್ ಇಲ್ಲದೆ ಅರ್ಧ ಗಂಟೆ ಕೂರಿಸಿ ಆಮೇಲೆ ನೋಡಬೇಕಿತ್ತು. ಒಂಬತ್ತು ಮನೆ ಇದೆ ಅಂತ ಅವಸರ ಮಾಡಿದೆ." ದರ್ಜಿಯ ಹೆಸರಿನ ಮುಂದೆ ಹಾಕಿದ್ದ ಗುರುತನ್ನು ಹೊಡೆದುಹಾಕಿ ಸ್ಕೂಟರ್ ಹತ್ತಿದಳು.

ಮೆಷಿನ್ ಮನೆಯಲ್ಲೇ ಉಳಿಯಿತು. ಗಂಡ ಒಂಬತ್ತು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಅದರಲ್ಲಿ ಉಳಿದ ಉಸಿರನ್ನು ಅವಳು ಲಾಭಕ್ಕೆ ಸೇರಿಸಿಕೊಂಡಳು. ಇಸ್ತ್ರಿ ಅಂಗಿ ಮತ್ತೆ ಪೆಟ್ಟಿಗೆಯಿಂದ ಹೊರಬರಲಿಲ್ಲ. ದರ್ಜಿಗೆ ಮೆಷಿನ್ ಸಿಗಲಿಲ್ಲ.