ಹಸಿರು ಪಿನ್ನಿನ ಅನುಮಾನ

ನಾನು ಒಂದು ಪಿನ್. ಕಂಪ್ಯೂಟರಿನ ಸ್ಪೀಕರಿಗೆ ಸೇರಿದ ತಂತಿಯ ತುದಿ. ಅಚ್ಚಿನಿಂದ ಹೊರಬಂದ ನನ್ನನ್ನು ಕಾರ್ಖಾನೆಯ ಹೆಂಗಸೊಬ್ಬಳು ಹಸಿರು ಮಾದರಿಯ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ನಂಬಿಕೆ ಸಾಲದೆ ಇನ್ನೊಮ್ಮೆ ನೋಡಿದಳು. ಹೀಗೆ ಹುಟ್ಟಿದ ಗಳಿಗೆಯಲ್ಲೇ ಅನುಮಾನಕ್ಕೆ ಗುರಿಯಾದೆ. ನನ್ನ ಬಣ್ಣ ನನಗೆ ಕಾಣದು. ಅವರಿವರು ಹೇಳಿದ್ದನ್ನೇ ನಂಬಿದ್ದೇನೆ.

ಅಂಗಡಿಯಿಂದ ಹುಬ್ಬಳ್ಳಿಯ ರೈಲ್ವೆ ಕಾಲನಿಗೆ, ಮಹಾರುದ್ರಪ್ಪನವರ ಮನೆಗೆ ಬಂದೆ. ಅವರು ರೈಲು ಓಡಿಸುವವರು. ಕಂಪ್ಯೂಟರಿನ ಬೆನ್ನಿನಲ್ಲಿ ನೀಲಿ, ಹಸಿರು, ಗುಲಾಬಿ ತೂತುಗಳಿದ್ದವು. ನಾನು ನಡುವಿನ ಹಸಿರಿಗೆ, ಮೈಕಿನ ಗುಲಾಬಿ ಪಿನ್ನು ಕೆಳಗಿನ ಗುಲಾಬಿಗೆ. ವರ್ಷಗಟ್ಟಲೆ ಅವರು ತಪ್ಪಿದ್ದಿಲ್ಲ.

ಒಮ್ಮೆ ಧೂಳು ಒರೆಸಿದ ಮೇಲೆ ನಮ್ಮಿಬ್ಬರನ್ನು ಅದಲುಬದಲು ಚುಚ್ಚಿದರು. ಹಾಡು ಬರಲಿಲ್ಲ.

“ಪಿನ್ನ ಕೆಟ್ಟೈತಿ,” ಎಂದು ನನ್ನನ್ನೇ ದೂರಿದರು.

ಮಗಳು ದಾಕ್ಷಿ ಸರಿಪಡಿಸಿ ನಕ್ಕಳು: “ಅಪ್ಪಾ, ಅಷ್ಟ ದೊಡ್ಡ ಗಾಡಿ ಓಡಸ್ತೀರಿ, ಪಿನ್ ಚುಚ್ಚಾಕ ಬರಂಗಿಲ್ಲೇನ್ರಿ?”

ಮತ್ತೊಮ್ಮೆ ಹಾಗೆಯೇ ಆದಾಗ ಅವಳು ನಗಲಿಲ್ಲ.

ಅಂದಿನಿಂದ ನಾನೂ ಅವರನ್ನು ಗಮನಿಸತೊಡಗಿದೆ. ನನ್ನನ್ನು ಹಿಡಿದು ಸುಮ್ಮನೆ ಕಾಯುವರು. ದಾಕ್ಷಿ “ಅದು ಹಸಿರರೀ” ಎಂದೊಡನೆ “ಹಾಂ, ಹಸಿರ” ಎನ್ನುವರು. ಯಾವಾಗಲೂ ಎರಡನೆಯವರಾಗಿ. ಎಂಜಿನ್ನಿನಲ್ಲೂ ಸಿಗ್ನಲಿನ ಬಣ್ಣವನ್ನು ಚಾಲಕ, ಅಸಿಸ್ಟೆಂಟ್ ಇಬ್ಬರೂ ಕೂಗಿ ಹೇಳಬೇಕು, ಒಬ್ಬರಾದ ಮೇಲೆ ಒಬ್ಬರು. ಅದನ್ನು ಅವರೇ ಹೆಮ್ಮೆಯಿಂದ ವರ್ಣಿಸಿದ್ದರು. ಹಾಗಾದರೆ ಅಲ್ಲಿ ಮೊದಲು ಕೂಗುವವರು ಯಾರು?

ಒಂದು ಬೆಳಿಗ್ಗೆ ಅವರು ಡ್ಯೂಟಿಯ ಚೀಲ ಹೆಗಲಿಗೇರಿಸಿದಾಗ, ದಾಕ್ಷಿ ತಂತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನನ್ನ ತಲೆಯನ್ನಷ್ಟೇ ಅವರ ಮುಂದೆ ಹಿಡಿದಳು.

“ಇದು ಯಾವ ಬಣ್ಣ, ಹೇಳ್ರಿ.”

“ಏನವಾ, ನನಗ ಪರೀಕ್ಷಾ?” ತಂಬಾಕನ್ನು ಆ ದವಡೆಯಿಂದ ಈ ದವಡೆಗೆ ಸರಿಸಿ ಕಾದರು. ಅವಳು ತುಟಿ ಬಿಚ್ಚಲಿಲ್ಲ.

“ಗುಲಾಬಿ,” ಎಂದರು ಕೊನೆಗೆ.

“ಎಂಜಿನ್ನ್ಯಾಗ ಮೊದಲ ಯಾರ ಹೇಳ್ತಾರ್ರಿ?”

“ಅಸಿಸ್ಟೆಂಟ್ ಹೇಳ್ತಾನ. ಅವನ ಹಿಂದ ನಾ.”

“ಅಂವಾ ತಪ್ಪ ಹೇಳಿದ್ರ? ಹಿಂದ ಡಬ್ಬಿ ತುಂಬ ಮಂದಿ ಇರ್ತಾರಲ್ರಿ.”

ಅವರು ಚೀಲ ಕೆಳಗಿಳಿಸಿದರು, ಹೊರಗೆ ಹೋಗಿ ತಂಬಾಕು ಉಗುಳಿ ಬಂದರು, ಫೋನು ಹಚ್ಚಿದರು. “ಸಾಹೇಬ್ರ, ಇವತ್ತಿನ ಗಾಡಿ ಬ್ಯಾರೇದವರಿಗೆ ಕೊಡ್ರಿ. ನನಗ ಸಿಗ್ನಲ್ ಬಣ್ಣ ಕಾಣವಲ್ದು.”

ತಂಬಾಕು ಕಣ್ಣಿನ ನರವನ್ನು ಸವೆಸಿದೆ, ಬಿಟ್ಟರೆ ಸುಧಾರಿಸಲೂಬಹುದು ಎಂದರಂತೆ ಡಾಕ್ಟರು. ಈಗ ಅವರಿಗೆ ಕಚೇರಿಯಲ್ಲಿ ಕೂರುವ ಕೆಲಸ. ಸ್ಪೀಕರು ಗುಜರಿಗೆ ಹೋಯಿತು; ಕತ್ತರಿಸಿ ಉಳಿಸಿದ ಗೇಣುದ್ದ ತಂತಿಯೊಡನೆ ನಾನು, ಮೈಕಿನ ಪಿನ್ನಿನ ಜೊತೆ ಮೇಜಿನ ಖಾನೆಯಲ್ಲಿದ್ದೇನೆ. ಆಗಾಗ ಅವರು ಕಣ್ಣು ಮುಚ್ಚಿ ನಮ್ಮಲ್ಲೊಬ್ಬರನ್ನು ಎತ್ತಿ, ಆಮೇಲೆ ಕಣ್ಣು ತೆರೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ದಾಕ್ಷಿ ಪಕ್ಕದಲ್ಲಿದ್ದರೂ ಬಾಯಿ ಬಿಡುವುದಿಲ್ಲ.

ನಿನ್ನೆ ಕೈಗೆ ಸಿಕ್ಕಿದ್ದು ನಾನು. ಹಸಿರು ಎಂದು ಊಹಿಸಿಬಿಡುತ್ತಾರೆ ಎಂದುಕೊಂಡೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

“ಇನ್ನೂ ತಿಳಿವಲ್ದವಾ,” ಎಂದರು.

ಎಷ್ಟೋ ದಿನಗಳ ಮೇಲೆ, ಅವರ ಮಾತಿನ ಮೇಲೆ ನನಗೆ ಅನುಮಾನ ಬರಲಿಲ್ಲ.