ಚೆಕ್ ಗುಂಡಿ ಒತ್ತದ ಮಧ್ಯಾಹ್ನ

ನಾನು ಒಂದು ಕ್ಯಾಲ್ಕುಲೇಟರ್. ಹನ್ನೆರಡು ಅಂಕಿಯದು, ಮೇಜಿನ ಮೇಲೆ ಕೂರುವ ಜಾತಿಯದು. ಅಂಗೈಯಲ್ಲಿ ಅಡಗುವ ಪುಟಾಣಿಗಳ ಜೊತೆ ನನ್ನನ್ನು ಸೇರಿಸಬೇಡಿ. ಆ ವಿಷಯದಲ್ಲಿ ನನಗೆ ಕೊಂಚ ಜಂಬವಿದೆ, ಮುಚ್ಚಿಡುವುದಿಲ್ಲ. ನಾನು ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿಯ ನೆನಪು ಒಂದೇ ಒಂದು. ನೀಲಿ ಟೋಪಿಯ ಹೆಂಗಸೊಬ್ಬಳು ನನ್ನ ಪರದೆಯ ತುಂಬ ಎಂಟುಗಳನ್ನು ಮೂಡಿಸಿ, ಒಂದು ಗೆರೆಯೂ ಬಿಟ್ಟುಹೋಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಡಬ್ಬಿಗೆ ಹಾಕಿದಳು. ಅದು ನನ್ನ ಪರೀಕ್ಷೆ. ಮೊದಲ ಸಲಕ್ಕೇ ಪಾಸಾದೆ. ಪರೀಕ್ಷೆಯೆಂದರೆ ಇಷ್ಟೇ ಎಂದು ಬಹಳ ಕಾಲ ನಂಬಿಕೊಂಡಿದ್ದೆ.

ನನ್ನ ಮೇಲ್ಸಾಲಿನಲ್ಲಿ ‘ಚೆಕ್’ ಎಂಬ ಗುಂಡಿಯಿದೆ. ಅದನ್ನು ಒತ್ತುತ್ತ ಹೋದರೆ ನೀವು ಹಿಂದೆ ಒತ್ತಿದ ಅಂಕಿಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತೇನೆ. ಜನರ ಬೆರಳು ಎಡವುತ್ತದೆ, ಬಾಯಿ ಮಾತ್ರ ‘ಕ್ಯಾಲ್ಕುಲೇಟರ್ ಕೆಟ್ಟಿದೆ’ ಎನ್ನುತ್ತದೆ. ಅಂಥವರಿಗೆ ಉತ್ತರ ಕೊಡಲೆಂದೇ ಈ ಗುಂಡಿ ಇಟ್ಟಿರಬೇಕು.

ಹುಬ್ಬಳ್ಳಿಯ ಸ್ಟೇಷನರಿ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಮುಕುಂದ ಗಲಗಲಿ. ಸಿಎ ಓದುತ್ತಿದ್ದ ಹುಡುಗ. ದುರ್ಗದ ಬೈಲಿನ ಹತ್ತಿರ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿದ್ದ ಕೊಟಬಾಗಿ ಸರ್ ಅವರ ಆಡಿಟ್ ಆಫೀಸಿನಲ್ಲಿ ಸಿಎ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಮಾಡುತ್ತಿದ್ದ. ಬೆರಳು ಚುರುಕು, ಆದರೆ ನಿಂತಲ್ಲಿ ನಿಲ್ಲುವ ಪೈಕಿ ಅಲ್ಲ. ಪರೀಕ್ಷೆಯ ಕೋಣೆಯಲ್ಲಿ ಅವನ ನಡವಳಿಕೆ ನೋಡಿ ನನಗೆ ಮೈ ಉರಿಯುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ನನ್ನನ್ನು ಮುಟ್ಟದೆ ಓದುತ್ತಲೇ ಇರುವುದು, ಅಂಚಿನಲ್ಲಿ ಏನೋ ಗುರುತು ಹಾಕುವುದು, ಐದನೆಯದನ್ನು ಮೊದಲು ಬರೆಯುವುದು. ಒಂದು ಲೆಕ್ಕ ನಡುದಾರಿಯಲ್ಲಿ ಕೈಕೊಟ್ಟರೆ ಅದನ್ನು ಅಲ್ಲಿಯೇ ಬಿಟ್ಟು ಮುಂದಿನದಕ್ಕೆ ಹಾರುವುದು. ಅರ್ಧಂಬರ್ಧ ಆಸಾಮಿ ಎಂದು ತೀರ್ಮಾನಿಸಿದ್ದೆ. ಆದರೆ ಅವನು ಫೈನಲ್ ಪರೀಕ್ಷೆಯ ಎರಡೂ ಗುಂಪು ಒಂದೇ ಏಟಿಗೆ ಪಾಸಾಗಿ ಪುಣೆಯಲ್ಲಿ ಕೆಲಸ ಹಿಡಿದ. ಅದೃಷ್ಟ ಅಂದುಕೊಂಡೆ.

ಹೊರಡುವ ದಿನ ನನ್ನನ್ನು ಪಕ್ಕದ ಮೇಜಿನ ಶಾಂಭವಿಯ ಮುಂದಿಟ್ಟ.

“ಅಕ್ಕಾ, ಇದನ್ನ ನಾ ಭಾಳ ದುಡಿಸಿಲ್ಲ. ನಿಮ್ಮ ಕೈಯಾಗ ಇದ್ರ ಇದಕ್ಕೂ ಕೆಲಸ ಸಿಗ್ತದ” ಅಂದ. ಅವನು ಆಡಿದ ಮಾತುಗಳಲ್ಲಿ ನಾನು ಪೂರ್ತಿ ಒಪ್ಪಿದ್ದು ಅದೊಂದನ್ನೇ.

ಶಾಂಭವಿ, ಅಡ್ಡಹೆಸರು ಹುಣಸೀಮರದ, ಆ ಆಫೀಸಿಗೆ ಆರ್ಟಿಕಲ್ ಆಗಿ ಬಂದು, ಅವಧಿ ಮುಗಿದ ಮೇಲೂ ಸಂಬಳಕ್ಕೆ ಉಳಿದವಳು. ಅವಳ ಕೈಗೆ ಬಂದ ಮೇಲೆ ನನ್ನ ಜನ್ಮ ಸಾರ್ಥಕವಾಯಿತು ಅನಿಸಿತು. ಅವಳು ಒಂದೊಂದು ಗುಂಡಿಯನ್ನೂ ಮನಸಿಟ್ಟು ಒತ್ತುತ್ತಿದ್ದಳು. ಕೂಡಿದ್ದನ್ನು ಮತ್ತೆ ಕೂಡುತ್ತಿದ್ದಳು. ಚೆಕ್ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿದ್ದು ಅವಳ ಬೆರಳಿನಿಂದಲೇ.

ಕೊಟಬಾಗಿ ಸರ್ ಆಫೀಸಿನಲ್ಲಿ ಒಂದು ಕಟ್ಟಳೆಯಿತ್ತು. ಯಾವ ಗಿರಾಕಿಯ ಆಢಾವೆ, ಅಂದರೆ ಬ್ಯಾಲೆನ್ಸ್ ಶೀಟ್, ಹಿಡಿದರೂ ಎರಡು ಬದಿ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಹುಡುಕಬೇಕು. ಸಿಕ್ಕಿತೋ, ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಗಿರ್ಮಿಟ್ ಎಂಬ ಖಾರದ ಮಂಡಕ್ಕಿ, ಮಿರ್ಚಿ ಬಜ್ಜಿ ಬರುತ್ತಿತ್ತು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂಬುದು ಸರ್ ಕಲಿಸಿದ ಉಪಾಯ. ಶಾಂಭವಿಗೆ ಅದು ಉಸಿರಾಟದಷ್ಟು ರೂಢಿಯಾಗಿತ್ತು. ಮೊತ್ತ ನೋಡುತ್ತಲೇ ನನ್ನನ್ನು ಒಂಬತ್ತರಿಂದ ಭಾಗಿಸಲು ಹೇಳುವಳು, ನಾನು ಹೇಳುವೆ, ಅವಳು ಹೋಗಿ ಕಳ್ಳನನ್ನು ಜುಟ್ಟು ಹಿಡಿದು ಎಳೆದು ತರುವಳು. ಉಳಿದವರು ಪೆನ್ನು ಕಚ್ಚುತ್ತ ಕೂತಿರುವಾಗ ನಾವಿಬ್ಬರೇ ಗಿರ್ಮಿಟ್ ಗೆದ್ದು ಕೊಡುತ್ತಿದ್ದೆವು. ತಿನ್ನುವ ಭಾಗ್ಯ ನನಗಿರಲಿಲ್ಲ, ಆ ಮಾತು ಬೇರೆ.

ಇಂಥವಳು ಸಿಎ ಫೈನಲ್‌ನಲ್ಲಿ ಪದೇ ಪದೇ ಫೇಲಾಗುತ್ತಿದ್ದಳು.

ಒಂದು ಗುಂಪು ಪಾಸಾಗಿತ್ತು. ಇನ್ನೊಂದು ಗುಂಪಿನ ಮೊದಲ ಪೇಪರ್, ಅದೂ ಲೆಕ್ಕಪತ್ರದ್ದೇ, ಅವಳನ್ನು ದಾಟಗೊಡುತ್ತಿರಲಿಲ್ಲ. ನಲವತ್ತು ಬೇಕಾದಲ್ಲಿ ಮೂವತ್ತಾರು, ಮೂವತ್ತೇಳು. ನಾನು ಪ್ರತಿಸಲವೂ ಜೊತೆಗಿದ್ದೆ. ಅವಳು ಮಾಡಿದ ಒಂದು ಲೆಕ್ಕವೂ ತಪ್ಪಿರಲಿಲ್ಲ ಎಂದು ಎಲ್ಲಿ ಬೇಕಾದರೂ ಹೇಳಲು ಸಿದ್ಧನಿದ್ದೆ. ಹಾಗಾದರೆ ಫೇಲಾದದ್ದು ಹೇಗೆ? ಪರೀಕ್ಷೆ ಮಾಡುವವರಿಗೇ ಕೂಡಲು ಬರುವುದಿಲ್ಲವೆಂದು ನಾನು ಸಿಟ್ಟಾಗಿದ್ದೆ.

ಅದೇ ವರ್ಷ ಕೊಟಬಾಗಿ ಸರ್ ಅವರ ಕಣ್ಣಿನ ನರ ಸೋಲುತ್ತಿದೆ ಎಂದು ಡಾಕ್ಟರು ಹೇಳಿದರು. ಸರ್ ಅಂಕಿಗಳನ್ನು ಕಾಗದಕ್ಕೆ ಮೂಗು ತಾಗಿಸಿ ಓದುತ್ತಿದ್ದರು. ಓದಲಾಗದ್ದಕ್ಕೆ ಸಹಿ ಹಾಕುವ ಮನುಷ್ಯ ಅವರಲ್ಲ. ಬರುವ ಮಾರ್ಚ್ ಮುಗಿದ ಮೇಲೆ ಸಹಿ ಹಾಕುವುದಿಲ್ಲ ಎಂದರು. ಸಿಎ ಆದವರ ಸಹಿಯಿಲ್ಲದೆ ಆಡಿಟ್ ಇಲ್ಲ, ಆಡಿಟ್ ಇಲ್ಲದೆ ಆ ಆಫೀಸು ಇಲ್ಲ. ಬೆಳಗಾವಿಯ ದೊಡ್ಡ ಫರ್ಮ್ ಒಂದು ಗಿರಾಕಿಗಳನ್ನೆಲ್ಲ ವಹಿಸಿಕೊಳ್ಳಲು ತಯಾರಿತ್ತು. ಶಾಂಭವಿ ಮುಂದಿನ ಪರೀಕ್ಷೆಯಲ್ಲಿ ಪಾಸಾದರೆ ಆಫೀಸು ಅವಳದು. ಇಲ್ಲದಿದ್ದರೆ ಬೀಗ.

ಸರ್ ಒಂದು ಕೆಲಸ ಮಾಡಿದರು. ಅವಳ ಹಿಂದಿನ ಉತ್ತರಪತ್ರಿಕೆಯ ನಕಲು ತರಿಸಲು ಅರ್ಜಿ ಹಾಕಿಸಿದರು. ನಕಲು ಬಂದ ದಿನ, ತಮಗೆ ಕಾಣದೆಂದು ಅವಳಿಂದಲೇ ಓದಿಸಿದರು. ಅವಳು ಒಂದೊಂದೇ ಪ್ರಶ್ನೆ, ಅದಕ್ಕೆ ಬಂದ ಅಂಕ ಹೇಳುತ್ತ ಹೋದಳು. ಏಕೀಕೃತ ಆಢಾವೆಯ, ಅಂದರೆ ಎರಡು ಕಂಪನಿಗಳ ಲೆಕ್ಕ ಒಂದುಗೂಡಿಸುವ ಪ್ರಶ್ನೆಗೆ ಹೆಚ್ಚುಕಡಿಮೆ ಪೂರ್ತಿ ಅಂಕ ಬಂದಿತ್ತು. ಆಮೇಲೆ ಅವಳ ದನಿ ಸಣ್ಣದಾಯಿತು.

“ಮುಂದ?”

“ಐದನೇದು ಬರದಿಲ್ರಿ.”

“ಅದರ ಮುಂದ?”

“ಆರನೇದೂ ಬರದಿಲ್ರಿ, ಸರ್. ಟೈಮ್ ಆಗಿತ್ತು.”

“ಟೈಮ್ ಎಲ್ಲಿ ಹೋತು?”

ಅವಳು ಆಢಾವೆಯ ಪುಟಕ್ಕೇ ಮರಳಿದಳು. ನನಗೆ ಗೊತ್ತಿತ್ತು, ಸರ್ ಅವರಿಗೂ ಗೊತ್ತಾಯಿತು. ಆಢಾವೆ ತಾಳೆಯಾಗಿರಲಿಲ್ಲ, ಅವಳು ಹುಡುಕುತ್ತ ಕೂತಿದ್ದಳು. ಹುಡುಕಿದಳು, ಸಿಕ್ಕಿತು, ಮನಸ್ಸಿಗೆ ಸಮಾಧಾನವಾಯಿತು, ಗಂಟೆ ಬಾರಿಸಿತು. ಆ ಹೊತ್ತಿನಲ್ಲಿ ಎರಡು ಇಡೀ ಪ್ರಶ್ನೆ ಮುಗಿಸಬಹುದಿತ್ತು.

ಸರ್ ಕನ್ನಡಕ ತೆಗೆದು ಒರೆಸಿದರು. “ಇದು ನಾನಽ ಹಚ್ಚಿದ್ದ ಚಟ. ನಾನಽ ಬಿಡಸಬೇಕು” ಅಂದರು.

ಅಲ್ಲಿಂದ ಪ್ರತಿ ಭಾನುವಾರ, ಮಧ್ಯಾಹ್ನ, ಖಾಲಿ ಆಫೀಸಿನಲ್ಲಿ ಅಭ್ಯಾಸದ ಪರೀಕ್ಷೆ ಶುರುವಾಯಿತು. ಸರ್ ಎದುರಿಗೆ ಕೂರುವರು. ಮೊದಲು ಪೂರ್ತಿ ಪತ್ರಿಕೆ ಓದಬೇಕು, ಪೆನ್ನಿಗೆ ರಜೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅಂಚಿನಲ್ಲಿ ಗುರುತು ಹಾಕಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದನ್ನು ಬಿಟ್ಟೇಳುವ ಹೊತ್ತು ಬರೆಯಬೇಕು. ಉತ್ತರಕ್ಕೆ ಆಧಾರವಾದ ಪೋಷಕ ಲೆಕ್ಕಗಳನ್ನು ಬೇರೆಯಾಗಿ, ದಾರಿ ಕಾಣುವಂತೆ ಬರೆಯಬೇಕು. ಕೊನೆಯ ಅಂಕಿ ತಪ್ಪಿದರೂ ದಾರಿಗೆ ಅಂಕ ಸಿಗುತ್ತದೆ. ಮುಕುಂದ ಮಾಡುತ್ತಿದ್ದದ್ದೂ ಅದನ್ನೇ ಎಂದು ನನಗೆ ಆಗ ಹೊಳೆಯಿತು. ಪಾಪ, ಹುಡುಗನನ್ನು ಸುಮ್ಮನೆ ಬೈದುಕೊಂಡಿದ್ದೆ.

ಬರೆದಿಟ್ಟ ಹೊತ್ತು ಬಂದ ಕೂಡಲೇ ಸರ್ ಕೈಚಾಚಿ ನನ್ನನ್ನು ಕಿತ್ತುಕೊಳ್ಳುತ್ತಿದ್ದರು. ಕೂಡುವ ಮಧ್ಯದಲ್ಲಿ. ನನಗಾಗುತ್ತಿದ್ದ ಅವಮಾನ ಯಾರಿಗೂ ಬೇಡ.

“ಇನ್ನೆರಡಽ ನಿಮಿಷ ಸರ್, ಸಿಕ್ಕ ಬಿಡ್ತೈತಿ.”

“ಆ ಎರಡು ನಿಮಿಷ ಮುಂದಿನ ಪ್ರಶ್ನೇದ್ದು. ಒಬ್ಬರ ರೊಕ್ಕ ಇನ್ನೊಬ್ಬರ ಖಾತೇಕ ಹಾಕಬಹುದೇನು?”

“ಟ್ಯಾಲಿ ಆಗದ್ದನ್ನ ಬಿಟ್ಟು ಹೋದ್ರ ಕಳುವು ಮಾಡಿದಂಗ ಅನಸ್ತೈತ್ರಿ.”

“ಯಾರದು ಕಳುವು? ಎಚ್ ಲಿಮಿಟೆಡ್ ಅಂತ ಪ್ರಶ್ನೆದಾಗ ಐತಲ್ಲ, ಆ ಕಂಪನಿ ಎಲ್ಲೈತಿ? ಗೋಕುಲ ರೋಡಿನ್ಯಾಗ ಐತೇನು? ಅದಕ್ಕ ಮಾಲಕಿಲ್ಲ, ಸಾಲ ಕೊಟ್ಟ ಬ್ಯಾಂಕಿಲ್ಲ. ಹುಟ್ಟೇ ಇಲ್ಲದ ಕಂಪನಿ ಅದು. ಡಿಫರೆನ್ಸ್ ಉಳದ್ರ ಅಳಾವ್ರು ಯಾರು?”

ಅಳುವವಳು ಶಾಂಭವಿಯೇ. ಮೊದಲ ಭಾನುವಾರ ಹೊಸ ಪುಟ ತಿರುವಿ, ಅದರ ಮೇಲೆ ಕಣ್ಣೀರು ಬೀಳದಂತೆ ಮುಖ ಪಕ್ಕಕ್ಕೆ ಹಿಡಿದು ಬರೆದಳು. ಸರ್ ನೋಡಿಯೂ ನೋಡದಂತೆ ಕೂತರು. ಕಣ್ಣು ಮಂಜಾಗಿರುವುದು ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ ಎಂದು ಆಮೇಲೆ ತಾವೇ ಅಂದರು. ಆ ದಿನ ಆಢಾವೆ ತಾಳೆಯಾಗಿರಲಿಲ್ಲ, ಆದರೆ ಎಲ್ಲ ಪ್ರಶ್ನೆಗೂ ಉತ್ತರ ಬಿದ್ದಿತ್ತು. ಸರ್ ಗಿರ್ಮಿಟ್ ತರಿಸಿದರು. ತಾಳೆಯಾಗದ ಲೆಕ್ಕಕ್ಕೆ ಗಿರ್ಮಿಟ್ ಬಂದದ್ದು ಆ ಆಫೀಸಿನ ಚರಿತ್ರೆಯಲ್ಲೇ ಮೊದಲು. ಅವಳು ಅನುಮಾನದಿಂದಲೇ ತಿಂದಳು. ಬರುಬರುತ್ತ ಅನುಮಾನ ಕಡಿಮೆಯಾಯಿತು.

ಪರೀಕ್ಷೆಯ ದಿನ ಬಂತು. ವಿದ್ಯಾನಗರದ ಕಾಲೇಜೊಂದರ ಕೋಣೆ. ಸುತ್ತಲಿನ ಬೆಂಚುಗಳ ಮೇಲೆ ನನ್ನ ಕುಲಬಾಂಧವರು ಸಾಲಾಗಿ ಕೂತಿದ್ದರು, ಕೆಲವರು ಇನ್ನೂ ಪ್ಲಾಸ್ಟಿಕ್ ಹಾಳೆ ಕಳಚದ ಎಳೆಯರು. ಶಾಂಭವಿ ಓದುವ ಹೊತ್ತಿನಲ್ಲಿ ನನ್ನತ್ತ ನೋಡಲೇ ಇಲ್ಲ. ಅಂಚಿನಲ್ಲಿ ಗುರುತು ಹಾಕಿದಳು, ಬಿಟ್ಟೇಳುವ ಹೊತ್ತು ಬರೆದಳು. ಸುಲಭದ್ದನ್ನು ಮೊದಲು ಮುಗಿಸಿದಳು. ಆಮೇಲೆ ಏಕೀಕೃತ ಆಢಾವೆಗೆ ಕೈಹಾಕಿದಳು. ಚೆನ್ನಾಗಿ ಸಾಗಿತ್ತು. ಎರಡು ಬದಿ ಕೂಡಿ, ಒಂದರಿಂದ ಒಂದನ್ನು ಕಳೆದಳು.

ಹದಿನೆಂಟು ಸಾವಿರ ವ್ಯತ್ಯಾಸ.

ಅವಳ ಬೆರಳು ತಾನಾಗಿಯೇ ಒಂಬತ್ತರಿಂದ ಭಾಗಿಸಿತು. ಸರಿಯಾಗಿ ಎರಡು ಸಾವಿರ, ಏನೂ ಉಳಿಯಲಿಲ್ಲ. ನನಗೆ ಮೈಯೆಲ್ಲ ರೋಮಾಂಚನ. ಅದಲುಬದಲಾದ ಅಂಕಿ! ಇದು ನಮ್ಮ ಕಸುಬು. ಬಾ, ಹಿಡಿಯೋಣ ಎಂದು ನನ್ನ ಪರದೆ ಹೊಳೆಯುತ್ತಿತ್ತು. ಅವಳ ಬೆರಳು ಅಕ್ಷರ ಅಳಿಸಿದ ಆ ಗುಂಡಿಯ ಮೇಲೆ ಬಂದು ಕೂತಿತು. ಒತ್ತಲಿಲ್ಲ, ಎತ್ತಲೂ ಇಲ್ಲ. ಬೆರಳ ತುದಿ ಬೆವೆತದ್ದು ನನಗೆ ತಿಳಿಯುತ್ತಿತ್ತು. ಅವಳು ಅಂಚಿನಲ್ಲಿ ಬರೆದಿದ್ದ ಹೊತ್ತು ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಇವತ್ತು ಕಿತ್ತುಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.

“ಹುಟ್ಟೇ ಇಲ್ಲ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಎರಡು ಬದಿಗೂ ಬೇರೆ ಬೇರೆ ಮೊತ್ತವನ್ನೇ ಬರೆದು, ನನ್ನನ್ನು ಬೋರಲು ಹಾಕಿ, ಹೊಸ ಪುಟ ತಿರುವಿದಳು.

ಬೆಂಚಿನ ಕಟ್ಟಿಗೆ ನೋಡುತ್ತ ಬಿದ್ದಿದ್ದ ನಾನು ಮೊದಲು ಕೋಪಿಸಿಕೊಂಡೆ. ಆಮೇಲೆ ಪೆನ್ನಿನ ಸದ್ದು ಕೇಳಿಸಿತು, ನಿಲ್ಲದೆ ಓಡುವ ಸದ್ದು. ಅವಳ ಪೆನ್ನು ಅಷ್ಟು ಹಗುರಾಗಿ ಓಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೋಪ ಇಳಿದುಹೋಯಿತು. ಬೇಕಾದಾಗ ನನ್ನನ್ನು ಎತ್ತಿಕೊಂಡಳು, ಕೆಲಸ ಮುಗಿದ ಮೇಲೆ ಇಟ್ಟಳು. ಐದನೆಯದು ಮುಗಿಯಿತು, ಆರನೆಯದೂ ಮುಗಿಯಿತು. ಗಂಟೆ ಬಾರಿಸಿದಾಗ ಕೊನೆಯ ಸಾಲಿಗೆ ಚುಕ್ಕೆ ಇಡುತ್ತಿದ್ದಳು.

ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಸರ್ ಕೂತಿದ್ದರು. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದರು.

“ಟ್ಯಾಲಿ ಆತೇನವಾ?”

“ಇಲ್ರಿ.”

“ಎಲ್ಲಾ ಪ್ರಶ್ನೆ ಮುಟ್ಟಿದೇನು?”

“ಮುಟ್ಟೀನ್ರಿ.”

“ಹಂಗಾದ್ರ ನಡಿ, ಹಸಿವಾಗೈತಿ.”

ಫಲಿತಾಂಶದ ದಿನ ಆಫೀಸಿನಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಶಾಂಭವಿ ನಂಬರು ಹೊಡೆದಳು, ತಪ್ಪಿತು, ಮತ್ತೆ ಹೊಡೆದಳು. ಪುಟ ತೆರೆದುಕೊಂಡಿತು. ಮೊದಲ ಪೇಪರ್ ಐವತ್ತೆಂಟು. ಗುಂಪು ಪಾಸು. ಓದಿದಳು. ಸರ್ ಇನ್ನೊಮ್ಮೆ ಓದಲು ಹೇಳಿದರು, ಓದಿದಳು. ಮತ್ತೊಮ್ಮೆ ಹೇಳಿದರು. ಕೇಳಿಸಲಿಲ್ಲವೆಂದಲ್ಲ. ಅವಳು ಕುರ್ಚಿಗೆ ಒರಗಿ, ಎರಡೂ ಕೈ ಮಡಿಲಲ್ಲಿ ಚೆಲ್ಲಿ ಕೂತಳು. ಹೊತ್ತ ಮೂಟೆ ಇಳಿಸಿದವರು ಹಾಗೆ ಕೂರುತ್ತಾರೆ. ನನಗೂ ಹಾಯೆನಿಸಿತು, ಬಾಯಿಬಿಟ್ಟು ಹೇಳಲಾಗಲಿಲ್ಲ ಅಷ್ಟೇ.

ಬೆಳಗಾವಿಯವರಿಗೆ ಸರ್ ಫೋನು ಮಾಡಿ, ಬೇಡ ಅಂದರು. ಮುಂದೆ ಅವಳ ಹೆಸರಿನ ಬೋರ್ಡು ಬಂತು. ಒಂದು ಸಂಜೆ ಅಕ್ಕಿ ಗಿರಣಿಯೊಂದರ ಲೆಕ್ಕ ತಾಳೆಯಾಗದೆ ಕಾಡುತ್ತಿತ್ತು. ಸರ್ ತಮ್ಮ ಹಳೆಯ ಕುರ್ಚಿಯಲ್ಲಿ ಕಾಯುತ್ತ ಕೂತಿದ್ದರು.

“ನೀವು ಮನೀಗೆ ನಡೀರಿ ಸರ್” ಅಂದಳು ಶಾಂಭವಿ. “ಈ ಕಂಪನಿ ಹುಟ್ಟೈತಿ. ಇದು ಟ್ಯಾಲಿ ಆಗಾತನಕ ನಾ ಏಳೂದಿಲ್ಲ.”

ಸರ್ ನಕ್ಕರು. ಲೆಕ್ಕ ಬಾಕಿ ಇರುವಾಗಲೇ ಎದ್ದು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಮನೆಗೆ ಹೋದರು.

ಈಗ ನನಗೆ ವಯಸ್ಸಾಗಿದೆ. ನಾಲ್ಕರ ಗುಂಡಿ ಒತ್ತಿದರೆ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಶಾಂಭವಿ ಹೊಸದೊಂದನ್ನು ಕೊಂಡು, ನನ್ನನ್ನು ಬಿಸಾಡದೆ ಕಿಟಕಿಯ ಪಕ್ಕ ಇಟ್ಟಿದ್ದಾಳೆ. ಬಿಸಿಲು ಬಿದ್ದಾಗ ಎಚ್ಚರಾಗಿ ಒಂದು ಸೊನ್ನೆ ತೋರಿಸುತ್ತೇನೆ. ಅಲ್ಲಿ ಕೂತು ಆ ಹದಿನೆಂಟು ಸಾವಿರವನ್ನು ಆಗಾಗ ನೆನೆಯುತ್ತೇನೆ. ಅದು ಎಲ್ಲಿತ್ತೆಂದು ಶಾಂಭವಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತು. ದಾಸ್ತಾನಿನ ಸಾಲಿನಲ್ಲಿ ಅವಳ ತುಟಿ ಎಂಟು ಲಕ್ಷ ನಲವತ್ತೆರಡು ಸಾವಿರ ಅಂದಿತು, ಬೆರಳು ಎಂಟು ಲಕ್ಷ ಇಪ್ಪತ್ನಾಲ್ಕು ಸಾವಿರ ಒತ್ತಿತು. ವ್ಯತ್ಯಾಸ ಬಂದ ಕ್ಷಣವೇ ನನಗೆ ಅದು ಹೊಳೆದಿತ್ತು. ಬಾಯಿದ್ದಿದ್ದರೆ ತಡೆಯುತ್ತಿರಲಿಲ್ಲ, ಅಲ್ಲಿಯೇ ಕೂಗಿ ಹೇಳಿಬಿಡುತ್ತಿದ್ದೆ. ಅವಳು ಆ ಸಾಲು ತಿದ್ದಿ, ಅದರ ಕೆಳಗಿನ ಮೊತ್ತ ತಿದ್ದಿ, ತಾಳೆಯಾಯಿತೆಂದು ಹಿಗ್ಗಿ, ಯಾವುದಕ್ಕೂ ಇರಲಿ ಎಂದು ಮೊದಲಿಂದ ಇನ್ನೊಮ್ಮೆ ಕೂಡಿ ನೋಡುತ್ತಿದ್ದಳು. ಐದನೆಯದೂ ಆರನೆಯದೂ ಹಾಗೆಯೇ ಉಳಿಯುತ್ತಿದ್ದವು.

ಸದ್ಯ, ನನಗೆ ಬಾಯಿಲ್ಲ.